ಸಿಯಾಚಿನ್ ನೋಡುವ ವೈಜನಾಥರು

ವೈಜನಾಥರು ಸುಳ್ಳು ಹೇಳಿದರು ಎಂದು ಹೈದರಾಬಾದಿನ ನಾಚಾರಂನ ಆ ಅಪಾರ್ಟ್‌ಮೆಂಟಿನವರು ಇವತ್ತಿಗೂ ಹೇಳುತ್ತಾರೆ. ಅದು ಅನ್ಯಾಯ. ಸುಳ್ಳು ಹೇಳುವಷ್ಟು ಧೈರ್ಯ ವೈಜನಾಥರಿಗೆ ಯಾವ ಕಾಲಕ್ಕೂ ಇರಲಿಲ್ಲ. ಅವರು ಮಾಡಿದ್ದು ಇಷ್ಟೇ: ನಿಜ ಹೇಳಬೇಕಾದ ಹೊತ್ತಿನಲ್ಲೆಲ್ಲ ಅವರಿಗೆ ಕೆಮ್ಮು ಬಂತು.

ಭಾಲ್ಕಿ ಕಡೆಯ ಈ ವೈಜನಾಥರು ಸಿಕಂದರಾಬಾದಿನ ಕಂಟೋನ್ಮೆಂಟಿನಲ್ಲಿ, ಸೈನಿಕರ ಪಗಾರ ಲೆಕ್ಕ ಹಾಕುವ ಒಂದು ಕಚೇರಿಯಲ್ಲಿ ಗುಮಾಸ್ತರು. ಸಮವಸ್ತ್ರವಿಲ್ಲ, ಬಂದೂಕಿಲ್ಲ, ಒಂದು ಕಂಪ್ಯೂಟರು ಮತ್ತು ಬೆನ್ನುನೋವಿಗೆಂದು ಮನೆಯಿಂದ ತಂದ ದಿಂಬು, ಇಷ್ಟೇ ಅವರ ಆಯುಧ. ಅಂಥ ಕಚೇರಿಗಳಲ್ಲಿ ಕೆಲಸ ಹಂಚಿಕೊಳ್ಳುವಾಗ ಒಬ್ಬರು ಪಿಂಚಣಿ ನೋಡುತ್ತಾರೆ, ಇನ್ನೊಬ್ಬರು ರಜೆ ನೋಡುತ್ತಾರೆ. ವೈಜನಾಥರು ಸಿಯಾಚಿನ್ ನೋಡುತ್ತಿದ್ದರು. ಅಂದರೆ ಆ ಹಿಮದ ಗುಡ್ಡೆಯ ಮೇಲೆ ಕಾವಲಿರುವ ಸೈನಿಕರಿಗೆ ಪಗಾರದ ಜೊತೆ ಸಿಗುವ ವಿಶೇಷ ಭತ್ಯೆಯ ಲೆಕ್ಕ ಅವರ ಮೇಜಿನ ಮೇಲೆ ಹಾದು ಹೋಗುತ್ತಿತ್ತು. ಖುದ್ದು ಅವರು ಕಂಡ ಹಿಮವೆಂದರೆ ನಾಂಪಲ್ಲಿಯ ಎಕ್ಸಿಬಿಷನ್ನಿನಲ್ಲಿ ಥರ್ಮಾಕೋಲ್ ಉದುರಿಸುವ ಒಂದು ಸ್ಟಾಲು. ಅಲ್ಲಿಗೆ ಹೋಗಿ ಬಂದೂ ಅವರಿಗೆ ವಾರಗಟ್ಟಲೆ ನೆಗಡಿಯಾಗಿತ್ತು.

ಬಾಡಿಗೆ ಮನೆ ಬದಲಿಸಿ ನಾಚಾರಂಗೆ ಬಂದ ದಿನ ಸಾಮಾನಿನ ಲಾರಿ ಗೇಟಿಗೆ ಅಡ್ಡ ನಿಂತಿತ್ತು. ಅಪಾರ್ಟ್‌ಮೆಂಟಿನ ಅಧ್ಯಕ್ಷ ಸೂರ್ಯಕಾಂತ ಜಗಳಕ್ಕೆಂದೇ ಕೆಳಗಿಳಿದು ಬಂದ. ಕಲಬುರಗಿಯಿಂದ ಬಂದು ಪ್ಲಾಸ್ಟಿಕ್ ಪೈಪಿನ ವ್ಯಾಪಾರದಲ್ಲಿ ದುಡ್ಡು ಮಾಡಿದ ಆಸಾಮಿ. ಮಾತಾಡಿದರೆ ಮೂರನೇ ಮಹಡಿಗೆ ಕೇಳಬೇಕು.

"ಯಾವ ಆಫೀಸ್ ನಿಮ್ದು?" ಎಂದ.

ವೈಜನಾಥರು ಗೋದ್ರೆಜ್ ಕಪಾಟಿನ ಒಂದು ತುದಿ ಹಿಡಿದು ಏದುಸಿರು ಬಿಡುತ್ತಿದ್ದರು. ಅವರ ಹೆಂಡತಿ ಶಿವದೇವಿ ಉತ್ತರ ಕೊಟ್ಟಳು: "ಮಿಲಿಟ್ರಿ ಆಫೀಸ್‌ನಾಗ ಅದಾರ್ರಿ. ಸಿಯಾಚಿನ್ ನೋಡ್ತಾರ."

ಸೂರ್ಯಕಾಂತನ ದನಿ ಒಮ್ಮೆಲೇ ನೆಲಮಹಡಿಗಿಳಿಯಿತು. "ಸಿಯಾಚಿನ್ನಾ! ಎಷ್ಟ ವರ್ಷ ಆತ್ರಿ?"

"ಆರು ವರ್ಷ ಆತ್ರಿ," ಎಂದರು ವೈಜನಾಥರು, ಕಪಾಟು ಕಾಲ ಮೇಲೆ ಬೀಳದಂತೆ ನೋಡಿಕೊಳ್ಳುತ್ತ. "ಮೊದಲ ಭಾಳ ತ್ರಾಸ ಇತ್ತು. ಈಗ ಕಂಪ್ಯೂಟರ್ ಬಂದೈತಿ, ಕುಂತಲ್ಲೇ ಮುಗೀತೈತಿ."

"ಕುಂತಲ್ಲೇ! ಏನ್ ಟೆಕ್ನಾಲಜಿರೀ!" ಸೂರ್ಯಕಾಂತನ ಕಣ್ಣು ಅವರ ಕಿರುಬೆರಳಿನ ಮೇಲೆ ನಿಂತಿತು. ಅದರಲ್ಲಿ ಉಗುರಿರಲಿಲ್ಲ. "ಹಿಮಾ ಕಡದದ್ದೇನ್ರಿ?"

ಆ ಉಗುರು ಹೋದದ್ದು ಇದೇ ಕಪಾಟಿನ ಬಾಗಿಲಿಗೆ ಸಿಕ್ಕಿ. ಅದನ್ನು ಹೇಳಲು ವೈಜನಾಥರು ಬಾಯಿ ತೆರೆದರು. ಕೆಮ್ಮು ಬಂತು.

"ಆತು, ಆತು, ಹೇಳಬ್ಯಾಡ್ರಿ," ಎಂದು ಸೂರ್ಯಕಾಂತ ಅವರ ಕೈ ಒತ್ತಿದ. ಕಪಾಟನ್ನು ತಾನೇ ಹೆಗಲು ಕೊಟ್ಟು ಮೇಲೆ ಸಾಗಿಸಿದ. ಸಂಜೆಯೊಳಗೆ ಇಡೀ ಅಪಾರ್ಟ್‌ಮೆಂಟಿಗೆ ಒಬ್ಬ ಮೇಜರ್ ಸಿಕ್ಕಿದ್ದ.

ಮರುದಿನದಿಂದ ವಾಚ್‌ಮನ್ ಬೂದೆಪ್ಪ ವೈಜನಾಥರ ಸ್ಕೂಟರು ಕಂಡ ಕೂಡಲೇ ನೆಲ ನಡುಗುವಂತೆ ಕಾಲು ಅಪ್ಪಳಿಸಿ ಸೆಲ್ಯೂಟ್ ಹೊಡೆಯತೊಡಗಿದ. ಮೊದಲ ಸಲ ವೈಜನಾಥರು ಹೆದರಿ ಸ್ಕೂಟರನ್ನು ತುಳಸಿ ಕಟ್ಟೆಗೆ ಗುದ್ದಿದರು. ನೆರಳಿರುವ ಪಾರ್ಕಿಂಗು ಅವರದಾಯಿತು. ನೀರಿನ ಟ್ಯಾಂಕರ್ ಬಂದರೆ ಮೊದಲ ಕೊಡ ಶಿವದೇವಿಯದು. ವೈಜನಾಥರು ತಿದ್ದಲು ಪ್ರಯತ್ನಿಸಲಿಲ್ಲವೆಂದಲ್ಲ. ಒಂದು ದಿನ ಲಿಫ್ಟಿನಲ್ಲಿ ಸೂರ್ಯಕಾಂತನನ್ನು ಹಿಡಿದು ಹೇಳಿಯೇಬಿಟ್ಟರು: "ನೋಡ್ರಿ, ನಾ ಆಫೀಸಿನಾಗ ಕುಂದ್ರಾಂವ್ರಿ."

"ಹೆಡ್‌ಕ್ವಾರ್ಟರ್!" ಎಂದ ಸೂರ್ಯಕಾಂತ.

"ಬರೇ ಪಗಾರ ಬರೀತೀನ್ರಿ."

ಸೂರ್ಯಕಾಂತ ಒಂದು ಕಣ್ಣು ಮುಚ್ಚಿ ನಕ್ಕ. "ನಮಗೂ ತಿಳೀತೈತಿ ಬಿಡ್ರಿ. ಎಲ್ಲಾ ಹೊರಗ ಹೇಳಾಕ ಬರೂದಿಲ್ಲ."

ಮನೆಗೆ ಬಂದು ವೈಜನಾಥರು ತಲೆ ಹಿಡಿದುಕೊಂಡು ಕೂತರು. "ಗೊತ್ತಾದ್ರ ಮರ್ಯಾದಿ ಹೋಗತೈತಿ ನೋಡು. ನೀ ಆದ್ರೂ ಹೇಳು."

"ಬ್ಯಾಸಗಿ ಮುಗೀಲಿ, ಹೇಳೂಣಂತ," ಎಂದಳು ಶಿವದೇವಿ, ತುಂಬಿದ ಕೊಡಗಳನ್ನು ಎಣಿಸುತ್ತ.

ಬೇಸಿಗೆ ಮುಗಿಯುವ ಮೊದಲೇ ಸೂರ್ಯಕಾಂತನ ಮಗಳು ಸ್ನೇಹಲತಾ ತವರಿಗೆ ಬಂದಳು. ಮದುವೆಯಾಗಿ ಇನ್ನೂ ವರ್ಷವಾಗಿರಲಿಲ್ಲ. ಗಂಡ ಚೇತನಕುಮಾರ ಹುಮನಾಬಾದ್ ಕಡೆಯವನು, ಸೈನ್ಯದಲ್ಲಿ ಮೆಕ್ಯಾನಿಕ್. ಅವನಿಗೆ ಸಿಯಾಚಿನ್‌ಗೆ ಹೋಗುವ ಆದೇಶ ಬಂದಿತ್ತು. ಸೂರ್ಯಕಾಂತ ಗೇಟಿನ ಮೇಲೆ ದೊಡ್ಡ ಫ್ಲೆಕ್ಸ್ ಕಟ್ಟಿಸಿ, ಅಳಿಯನ ಫೋಟೋದ ಹಿಂದೆ ಹಿಮದ ಬೆಟ್ಟ ನಿಲ್ಲಿಸಿ, ಊರಿಗೆಲ್ಲ ಪೇಡೆ ಹಂಚಿದ್ದ.

ತಂದೆಗೆ ಹೆಮ್ಮೆ, ಮಗಳಿಗೆ ದಿಗಿಲು. ಫೋನು ಬಂದರೆ ಒಂದು ನಿಮಿಷ; ಅದೂ ಅರ್ಧ ಕೇಳಿಸದು. ಹೀಗಾಗಿ ಆ ಹುಡುಗಿ ಸಂಜೆಯಾದರೆ ವೈಜನಾಥರ ಬಾಗಿಲಿಗೆ ಬರತೊಡಗಿದಳು.

"ಅಂಕಲ್, ಅಲ್ಲಿ ರಾತ್ರಿ ಎಷ್ಟ ಥಂಡಿ ಇರತೈತ್ರಿ?"

ವೈಜನಾಥರಿಗೆ ಬೆವರು ಬಂತು. "ಇರತೈತವ್ವಾ. ಥಂಡಿ ಅಂದ್ರ... ಥಂಡಿ."

"ಮಲಗಾಕ ಏನಿರತೈತಿ?"

"ಸರ್ಕಾರ ಕೊಡತೈತಿ. ಎಲ್ಲಾ ರೂಲ್ ಪ್ರಕಾರ."

ಅವಳ ಮುಖ ಕಂಡು ಸುಮ್ಮನಿರಲಾಗದೆ ಅವರು ಒಂದೆರಡು ಮಾತು ಸೇರಿಸಿದರು. ಅಲ್ಲಿ ಸಣ್ಣ ಸಣ್ಣ ಒಲೆಗಳಿವೆ ಎಂದರು. ಚಹಾ ಯಾವಾಗ ಬೇಕಾದರೂ ಸಿಗುತ್ತದೆ ಎಂದರು. ಕಲಬುರಗಿಯ ಒಬ್ಬ ಬಾಣಸಿಗನೂ ಇದ್ದಾನೆ, ಜೋಳದ ರೊಟ್ಟಿ ಬಡಿಯುತ್ತಾನೆ ಎಂದರು. ಸ್ನೇಹಲತಾ ಆ ದಿನ ಹೊಟ್ಟೆ ತುಂಬ ಉಂಡಳಂತೆ. ವೈಜನಾಥರಿಗೆ ಆ ದಿನ ಊಟ ಸೇರಲಿಲ್ಲ.

ನಿಜವಾದ ಗಂಡಾಂತರ ಶುರುವಾದದ್ದು ಚಳಿಗಾಲಕ್ಕೆ. ಸ್ನೇಹಲತಾ ಹೀಗೇ ಮಾತಿಗೆ ಕೇಳಿದಳು: "ಅಲ್ಲಿದ್ದವರಿಗೆ ಪಗಾರ ಹೆಚ್ಚ ಬರತೈತಿ ಅಂತಾರಲ್ರಿ? ನಮ್ಮವರಿಗೆ ಮೊದಲಿನಷ್ಟ ಬರಾಕತ್ತೈತಿ. ಒಂದ್ ರೂಪಾಯಿನೂ ಹೆಚ್ಚಿಲ್ಲ."

ವೈಜನಾಥರು ಚಹಾದ ಬಟ್ಟಲನ್ನು ಕೆಳಗಿಟ್ಟರು. "ಯಾವ ಪಗಾರ ಆಫೀಸು?"

"ಇಲ್ಲೇ ಸಿಕಂದರಾಬಾದ್ ಅಂತ್ರಿ."

ತಮ್ಮದೇ ಕಚೇರಿ. ತಮ್ಮದೇ ಮೇಜು. ಸಿಯಾಚಿನ್‌ನಲ್ಲಿ ಒಬ್ಬ ಸೈನಿಕ ಹೆಪ್ಪುಗಟ್ಟುತ್ತಿದ್ದಾನೆ, ಅವನ ಭತ್ಯೆ ತಿಂಗಳುಗಟ್ಟಲೆ ಬಂದಿಲ್ಲ. ಭತ್ಯೆ ನೋಡಬೇಕಾದವರು ಅವನ ಮಾವ ಬಿಟ್ಟುಕೊಟ್ಟ ನೆರಳಿನಲ್ಲಿ ಸ್ಕೂಟರು ನಿಲ್ಲಿಸುತ್ತಿದ್ದಾರೆ!

ಮರುದಿನ ಕಚೇರಿಯಲ್ಲಿ ವೈಜನಾಥರು ಚೇತನಕುಮಾರನನ್ನು ಹುಡುಕಿದರು. ಇರಲಿಲ್ಲ. ಚೇತನ್ ಎಂದು ಹುಡುಕಿದರು. ಚೈತನ್ಯ ಎಂದು ಹುಡುಕಿದರು. ಯಾರೋ ಬೆರಳಚ್ಚು ತಪ್ಪು ಮಾಡಿರಬಹುದೆಂದು ಚಂದನ, ಕೊನೆಗೆ ಕೇತನನ ತನಕ ಹೋದರು. ಸಿಯಾಚಿನ್‌ನಲ್ಲಿ ಆ ಹುಡುಗ ಎಲ್ಲಿಯೂ ಇರಲಿಲ್ಲ. ಎದ್ದು ಹೋಗಿ ಅಧಿಕಾರಿ ನಳಿನಿ ಮೇಡಂ ಮುಂದೆ ನಿಂತರು.

"ಮೇಡಂ, ಒಬ್ಬ ಜವಾನ ಕಳದಾನ್ರಿ."

ನಳಿನಿ ಮೇಡಂ ಕನ್ನಡಕದ ಮೇಲಿಂದ ನೋಡಿದರು. ಎಲ್ಲ ಕೇಳಿಕೊಂಡು ಹೇಳಿದರು: "ಹೆಸರು ಇಲ್ಲ ಅಂದ್ರ ಅಂವ ಅಲ್ಲಿ ಇಲ್ಲ. ಅಷ್ಟ ಮತ್ತ."

"ಹಂಗಲ್ರಿ ಮೇಡಂ. ಅಂವ ಅಲ್ಲಿ ಅದಾನ. ಹೆಸರ ಇಲ್ಲ."

"ಅಂವ ಅಲ್ಲಿ ಅದಾನ ಅಂತ ಯಾರ ಹೇಳಿದ್ರು?"

"ಗೇಟಿನ ಮ್ಯಾಲೆ ಫ್ಲೆಕ್ಸ್ ಐತ್ರಿ!"

ನಳಿನಿ ಮೇಡಂ ಅವರಿಗೆ ಅರ್ಧ ದಿನ ರಜೆ ತೆಗೆದುಕೊಳ್ಳಲು ಹೇಳಿದರು.

ಹತ್ತು ವರ್ಷದ ಮಗುವಿಗೂ ಹೊಳೆಯಬಹುದಾದ ಒಂದು ಸಂಗತಿ ವೈಜನಾಥರಿಗೆ ಹೊಳೆಯಲಿಲ್ಲ. ಅವರಿಗೆ ಹೊಳೆದದ್ದು ತಮ್ಮ ಅಪರಾಧ ಮಾತ್ರ. ಅಂದಿನಿಂದ ಸಂಜೆ ಕಚೇರಿಯಿಂದ ಬರುವಾಗ ಒಂದು ಡಜನ್ ಬಾಳೆಹಣ್ಣೋ, ಕಾಲು ಕಿಲೋ ಖರ್ಜೂರವೋ ಸೂರ್ಯಕಾಂತನ ಮನೆಗೆ ಮುಟ್ಟಿಸತೊಡಗಿದರು. ಶಿವದೇವಿ ನಾಲ್ಕು ದಿನ ನೋಡಿದಳು, ಐದನೇ ದಿನ ಅಡ್ಡ ನಿಂತಳು.

"ಆ ಹುಡುಗಿಗೆ ದಿನಾ ಯಾಕ ಬಾಳೆಹಣ್ಣ?"

"ಸರ್ಕಾರದ ಪರವಾಗಿ," ಎಂದರು ವೈಜನಾಥರು.

"ಸರ್ಕಾರಕ್ಕ ನಮ್ಮ ಮನಿ ಕಾಣೂದಿಲ್ಲೇನು?"

ಅಷ್ಟರಲ್ಲಿ ಸುದ್ದಿ ಬಂತು: ಗಣರಾಜ್ಯೋತ್ಸವಕ್ಕೆ ಚೇತನಕುಮಾರ ರಜೆಯ ಮೇಲೆ ಬರುತ್ತಿದ್ದಾನೆ. ಸೂರ್ಯಕಾಂತ ಶಾಮಿಯಾನ ಹೇಳಿಬಿಟ್ಟ. ಹಳೆಯ ಫ್ಲೆಕ್ಸ್ ಇಳಿದು ಹೊಸದು ಏರಿತು: ಎಡಕ್ಕೆ ಅಳಿಯ, ಬಲಕ್ಕೆ ವೈಜನಾಥರು, ನಡುವೆ ಹಿಮದಲ್ಲಿ ಒಂದು ಯುದ್ಧಟ್ಯಾಂಕು. ವೈಜನಾಥರ ಆಧಾರ್ ಕಾರ್ಡಿನ ಫೋಟೋಕ್ಕೆ ಯಾರೋ ಸೇನೆಯ ಟೋಪಿ ತೊಡಿಸಿದ್ದರು. ಕೆಳಗೆ, 'ಒಂದೇ ಹಿಮ, ಇಬ್ಬರು ವೀರರು'. ಅದನ್ನು ಕಂಡ ಸಂಜೆ ವೈಜನಾಥರಿಗೆ ಜ್ವರ ಬಂತು. ಭಾಲ್ಕಿಗೆ ಓಡಿಹೋಗುವ ವಿಚಾರವೂ ಬಂತು. ಆದರೆ ಮುಖ್ಯ ಅತಿಥಿ ಓಡಿಹೋದರೆ ಸೈನ್ಯಕ್ಕೇ ಕೆಟ್ಟ ಹೆಸರೆಂದು ಶಿವದೇವಿ ಬ್ಯಾಗು ಕಸಿದಿಟ್ಟಳು.

ಕೊನೆಗೆ ಅವರು ಒಂದು ದಾರಿ ಕಂಡುಕೊಂಡರು. ಚೇತನಕುಮಾರನನ್ನು ಎಲ್ಲರಿಗಿಂತ ಮೊದಲು ಹಿಡಿಯುವುದು, ನಿಜ ಹೇಳಿ ಕಾಲಿಗೆ ಬೀಳುವುದು.

ಇಪ್ಪತ್ತೈದರ ಬೆಳಿಗ್ಗೆ ಸಿಕಂದರಾಬಾದ್ ಸ್ಟೇಷನ್ನಿನಲ್ಲಿ, ಮಾವನ ಕಡೆಯವರು ಬರುವ ಮೊದಲೇ, ವೈಜನಾಥರು ಪ್ಲಾಟ್‌ಫಾರ್ಮಿನ ಕಂಬದ ಮರೆಯಲ್ಲಿ ನಿಂತಿದ್ದರು. ಹಸಿರು ಟ್ರಂಕು ಹೊತ್ತ ಚೇತನಕುಮಾರ ಇಳಿದ. ಫ್ಲೆಕ್ಸಿನಲ್ಲಿದ್ದುದಕ್ಕಿಂತ ದುಂಡಗಾಗಿದ್ದ, ಕೆನ್ನೆ ತುಂಬಿತ್ತು. ಪಾಪ, ಹಿಮದಲ್ಲಿ ಬಾವು ಬಂದಿದೆ, ಎಂದುಕೊಂಡರು ವೈಜನಾಥರು. ಮುಂದೆ ಹೋಗಿ ಕೈ ಮುಗಿದರು.

"ನಾ ವೈಜನಾಥ. ನಿಮ್ಮ ಪಗಾರ ಆಫೀಸಿನಂವ. ಸಿಯಾಚಿನ್ ನೋಡ್ತೀನಿ."

ಟ್ರಂಕು ಚೇತನಕುಮಾರನ ಹೆಗಲಿನಿಂದ ಜಾರಿ ಧಡ್ ಎಂದು ಬಿತ್ತು. ಶತ್ರುವಿನ ಗುಂಡಿಗೆ ಎದೆ ಕೊಡುವ ಸೈನಿಕನೂ ಪಗಾರ ಆಫೀಸಿನವನು ಹುಡುಕಿಕೊಂಡು ಬಂದರೆ ಬಿಳುಚುತ್ತಾನೆ.

"ಸ್ಟೇಷನ್ ತನಕಾ ಬಂದ್ರೇನ್ರಿ ಸರ್?" ಎಂದ, ಒಣಗಿದ ಬಾಯಿಯಲ್ಲಿ.

"ಬರಲೇಬೇಕಾತು. ನಿಮ್ಮ ಸಿಯಾಚಿನ್ ಅಲವನ್ಸ್ ಬಂದಿಲ್ಲ. ತಪ್ಪು ನಂದು. ಎಲ್ಲಾ ಹಿಂದಿನದೂ ಕೂಡಿಸಿ ಕೊಡಸ್ತೀನಿ, ಆಣಿ ಮಾಡಿ ಹೇಳ್ತೀನಿ."

"ಬ್ಯಾಡ್ರಿ ಸರ್!" ಚೇತನಕುಮಾರ ಅವರ ಎರಡೂ ಕೈ ಹಿಡಿದುಕೊಂಡ. "ಒಂದ್ ಪೈಸಾ ಬ್ಯಾಡ್ರಿ! ಕೈ ಮುಗೀತೀನಿ, ನನ್ನ ಹೆಸರಿಲೇ ಅಲವನ್ಸ್ ಹಾಕಬ್ಯಾಡ್ರಿ!"

"ಯಾಕೋ ತಮ್ಮಾ?"

ಅವನ ಕಣ್ಣುಗಳು ಪ್ಲಾಟ್‌ಫಾರ್ಮಿನ ಉದ್ದಕ್ಕೂ ಓಡಿ, ದೂರದಲ್ಲಿ ಹಾರ ಹಿಡಿದು ಬರುತ್ತಿದ್ದ ಮಾವನ ಮೇಲೆ ನಿಂತವು. "ದೇಶ... ದೇಶ ಸೇವಾ ಸರ್. ಅದಕ್ಕ ರೊಕ್ಕ ತಗೋಬಾರದು."

ವೈಜನಾಥರ ಕಣ್ಣಲ್ಲಿ ನೀರು ಬಂತು. ತಮ್ಮ ಸೇವಾವಧಿಯಲ್ಲಿ ಭತ್ಯೆ ಬೇಕೆಂದು ಜಗಳಾಡಿದವರನ್ನು ನೋಡಿದ್ದರು, ಅತ್ತವರನ್ನು ನೋಡಿದ್ದರು, ಮೇಜಿನ ಮೇಲೆ ಹತ್ತಿ ಕೂತ ಒಬ್ಬ ಹವಾಲ್ದಾರನನ್ನೂ ನೋಡಿದ್ದರು. ಬೇಡವೆಂದವನನ್ನು ನೋಡಿದ್ದು ಇದೇ ಮೊದಲು. ನಿಜ ಹೇಳುವುದು, ಕಾಲಿಗೆ ಬೀಳುವುದು ಎಲ್ಲ ಮರೆತೇಹೋಯಿತು. ಅಷ್ಟರಲ್ಲಿ ಬ್ಯಾಂಡಿನವರು ಬಂದರು.

ಇಪ್ಪತ್ತಾರರ ಬೆಳಿಗ್ಗೆ ಅಪಾರ್ಟ್‌ಮೆಂಟಿನ ಅಂಗಳ ತುಂಬಿತ್ತು. ಸೂರ್ಯಕಾಂತನ ಮುಪ್ಪಿನ ತಾಯಿ ಗೋದಾಬಾಯಿ ಹಗ್ಗ ಜಗ್ಗಿ ಧ್ವಜ ಬಿಡಿಸಿದಳು. ವೇದಿಕೆಯ ಮೇಲೆ ಎರಡು ಸಿಂಹಾಸನದಂಥ ಕುರ್ಚಿಗಳು. ಒಂದರಲ್ಲಿ ಸಮವಸ್ತ್ರದ ಚೇತನಕುಮಾರ. ಇನ್ನೊಂದರಲ್ಲಿ ಬಂದು ಕೂತವರು ತನ್ನ ಹೆಂಡತಿ ಫೋನಿನಲ್ಲಿ ಸದಾ ಹೇಳುತ್ತಿದ್ದ 'ಮೇಜರ್ ಅಂಕಲ್' ಮತ್ತು ನಿನ್ನೆ ಸ್ಟೇಷನ್ನಿನಲ್ಲಿ ಹಿಡಿದ ಪಗಾರದ ಬಾಬು, ಇಬ್ಬರೂ ಒಬ್ಬರೇ ಎಂದು ತಿಳಿದಾಗ ಅವನ ಕೊರಳ ಗುಂಡಿ ತಾನಾಗಿ ಬಿಚ್ಚಿಕೊಂಡಿತು. ವೈಜನಾಥರಿಗೂ ನೆಟ್ಟಗೆ ನೋಡುವ ಧೈರ್ಯವಿರಲಿಲ್ಲ. ಇಬ್ಬರು ವೀರರು ಒಬ್ಬರಿಗೊಬ್ಬರು ಹೆದರಿ ಎರಡು ದಿಕ್ಕಿಗೆ ಮುಖ ಮಾಡಿ ಕೂತರು. ಜನ ಅದನ್ನು ಸೈನ್ಯದ ಶಿಸ್ತು ಎಂದುಕೊಂಡಿತು.

"ಮೇಜರ್ ಸಾಹೇಬ್ರು ಈಗ ಯುದ್ಧದ ಬಗ್ಗೆ ಎರಡು ಮಾತು," ಎಂದು ಸೂರ್ಯಕಾಂತ ಮೈಕು ಕೊಟ್ಟ.

ವೈಜನಾಥರಿಗೆ ಯುದ್ಧ ಗೊತ್ತಿರಲಿಲ್ಲ. ಗೊತ್ತಿದ್ದುದನ್ನು ಹೇಳಿದರು. "ಹಿಂದಿನ ಕಾಲದಾಗ ಇದೇ ಹೈದರಾಬಾದಿನಾಗ ಕುದುರಿ ಸವಾರರು ತಮ್ಮ ಕುದುರಿ ತಾವ ತರಬೇಕಿತ್ತು. ಪಗಾರ ಬಂದ್ರ ಅರ್ಧಾ ಕುದುರೀನೇ ತಿಂತಿತ್ತು. ಪಗಾರ ತಡಾ ಆತಂದ್ರ ಸಿಪಾಯಿಗಳು ರೊಕ್ಕ ಕೊಡಾಂವನ ಬಾಗಲಾಗ ಧರಣಿ ಕುಂದ್ರತಿದ್ರು. ಅಂವ ಮನೀ ಹೊರಗ ಕಾಲ ಇಡಂಗಿರಲಿಲ್ಲ."

"ವಾ!" ಎಂದರು ಯಾರೋ.

"ಆಮ್ಯಾಲೆ ಪಗಾರದ ಪರೇಡ್ ಬಂತು. ಸಾಹೇಬ ಗಿಡದ ಬುಡಕ ಮೇಜು ಹಾಕ್ಕೊಂಡು, ಕಬ್ಬಿಣದ ಪೆಟ್ಟಿಗಿ ಇಟ್ಕೊಂಡು ಕುಂದ್ರಾಂವ. ಸಿಪಾಯಿ ಠಪಾ ಠಪಾ ನಡಕೋತ ಬಂದು, ಸೆಲ್ಯೂಟ್ ಹೊಡದು, ಹೆಬ್ಬಟ್ಟು ಒತ್ತಿ, ರೊಕ್ಕ ಇಸಗೊಂಡು, ಮತ್ತ ಸೆಲ್ಯೂಟ್ ಹೊಡದು ಹೋಗಾಂವ. ಅಲ್ಲೇ ಮನಿಯಾರ್ಡರ್ ಮಾಡಾಂವ."

"ನಮ್ಮತ್ತಿಗೆ ಬರ್ತಿತ್ತು," ಎಂದಳು ಮುಂದಿನ ಸಾಲಿನಲ್ಲಿದ್ದ ಗೋದಾಬಾಯಿ. "ನಮ್ಮ ಮಾವ ಮಿಲಿಟ್ರ್ಯಾಗ ಇದ್ದ. ಪೋಸ್ಟಿನಂವ ಓಣ್ಯಾಗ ಬಂದ್ರ ಮಾವ ಜೀವಂತ ಅದಾನ ಅಂತ ತಿಳಕೋತಿದ್ರು. ಬರಲಿಲ್ಲ ಅಂದ್ರ ಆ ದಿನ ಒಲಿ ಹಚ್ಚತಿರಲಿಲ್ಲ."

ಅಲ್ಲಿಗೆ ವೈಜನಾಥರು ಭಾಷಣ ಮುಗಿಸಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಆವೇಶ ಬಂದುಬಿಟ್ಟಿತ್ತು.

"ಪಗಾರಕ್ಕ ಧರಣಿ ಕುಂತ ಊರು ಇದು! ಅಂಥಾ ಊರಾಗ ಈ ಹುಡುಗ ನೋಡ್ರಿ!" ಎಂದು ಚೇತನಕುಮಾರನ ಕೈ ಹಿಡಿದು ಎಬ್ಬಿಸಿದರು. "ಇಷ್ಟ ತಿಂಗಳಿಂದ ಸಿಯಾಚಿನ್ ಅಲವನ್ಸ್ ಒಂದ್ ಪೈಸಾ ಮುಟ್ಟಿಲ್ಲ! ನಾ ಕೊಡಸ್ತೀನಿ ಅಂದ್ರ, ಬ್ಯಾಡ ಅಂತಾನ! ದೇಶಕ್ಕ ಬಿಟ್ಟಾನ!"

ಚಪ್ಪಾಳೆ, ಶಿಳ್ಳೆ. ಬೂದೆಪ್ಪ ಪಟಾಕಿ ಹಚ್ಚಿದ. ಸೂರ್ಯಕಾಂತ ಅಳಿಯನ ಕೊರಳಿಗೆ ಇನ್ನೊಂದು ಹಾರ ಹಾಕಿದ. ಅಳಿಯನ ಮೂಗಿನ ತನಕ ಹೂವಾಯಿತು. ಆಗ ಹೆಂಗಸರ ಸಾಲಿನಲ್ಲಿ ಸ್ನೇಹಲತಾ ಎದ್ದು ನಿಂತಳು.

"ಬ್ಯಾಡ ಅಂದ್ರಾ?" ಎಂದಳು. ಚಪ್ಪಾಳೆ ನಿಂತಿತು. "ನಂಗ ಕೇಳದ ಯಾಕ ಬ್ಯಾಡ ಅಂದ್ರಿ? ಜೀವಾ ಪಣಕ್ಕಿಟ್ಟು ದುಡದದ್ದು ಬಿಡಾಕ ನಾವೇನು ನವಾಬರೇನು? ಅಂಕಲ್, ಇವರ ಮಾತ ಕೇಳಬ್ಯಾಡ್ರಿ. ನೀವು ಬರದು ಹಾಕ್ರಿ!"

"ಹೌದವ್ವಾ!" ಎಂದರು ವೈಜನಾಥರು ಮೈಕಿನಲ್ಲಿ. "ನಾಳೆನೇ ಬರೀತೀನಿ. ಇವನ ಯೂನಿಟ್ಟಿಗೆ ಬರೀತೀನಿ, ದಿಲ್ಲಿಗೆ ಬರೀತೀನಿ! ಸಿಯಾಚಿನ್ನಾಗ ಈ ಹುಡುಗ ಎಲ್ಲಿ ನಿಂತಿದ್ದ, ಎಂದಿನಿಂದ ನಿಂತಿದ್ದ, ಎಲ್ಲಾ ವಿಚಾರಣಿ ಮಾಡಸ್ತೀನಿ!"

"ಬ್ಯಾಡ್ರೀ ಸರ್!" ಹೂವಿನೊಳಗಿಂದ ಒಂದು ಚೀರು ಬಂತು. ಚೇತನಕುಮಾರ ಮೈಕಿನ ಮೇಲೆ ಬಿದ್ದ. "ನನ್ನ ನೌಕರಿ ಹೋಗತೈತಿ! ನಾ ಅಲ್ಲಿ ಇಲ್ರಿ! ನಾ ಜಬಲ್ಪುರದಾಗ ಅದೀನ್ರಿ!"

ಧ್ವನಿವರ್ಧಕ ಅದನ್ನು ನಾಚಾರಂನ ಕಾರ್ಖಾನೆಗಳ ತನಕ ಮುಟ್ಟಿಸಿತು.

ಆಮೇಲೆ ಎಲ್ಲ ಹೊರಬಿತ್ತು. ಸಿಯಾಚಿನ್‌ಗೆ ಆದೇಶ ಬಂದದ್ದು ನಿಜ. ಅದೇ ವಾರ ಆದೇಶ ರದ್ದಾಗಿ ಜಬಲ್ಪುರದಲ್ಲಿ ಲಾರಿ ರಿಪೇರಿಗೆ ಹಾಕಿದ್ದೂ ನಿಜ. ಹೇಳೋಣವೆಂದು ಫೋನು ಮಾಡಿದರೆ ಮಾವ ಪೇಡೆ ಹಂಚಿ ಮುಗಿಸಿದ್ದ, ಫ್ಲೆಕ್ಸಿನ ಫೋಟೋ ಕಳಿಸಿದ್ದ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತ ಹುಡುಗ ಜನವರಿ ತಲುಪಿದ.

ಸ್ನೇಹಲತಾ ವೇದಿಕೆಯ ಹತ್ತಿರ ಬಂದಳು. "ಫೋನಿನಾಗ ಗಾಳಿ ಭೋ ಅಂತಿತ್ತಲ್ಲ?"

"ಟೇಬಲ್ ಫ್ಯಾನು," ಎಂದ ಗಂಡ, ತಲೆ ತಗ್ಗಿಸಿ.

"ಫ್ಯಾನಾ?" ಎಂದಳು. "ನೀವು ಹಿಮದಾಗ ಅದೀರಿ ಅಂತ ನಾ ಫ್ರಿಜ್ಜಿನ ನೀರ ಮುಟ್ಟಿಲ್ಲ. ಹೊಚಗೊಂಡು ಮಲಗಿಲ್ಲ. ಅಲ್ಲಿ ನಿಮಗ ಸೆಕಿ ಆಗ್ತಿತ್ತು?" ಆ ಮೇಲೆ ಅವಳಿಗೇ ಏನಾಯಿತೋ, ನಗು ಬಂತು, ನಕ್ಕಂತೆ ಅಳು ಬಂತು, ಎರಡರ ನಡುವೆ ಕೈಗೆ ಸಿಕ್ಕ ಪ್ಲಾಸ್ಟಿಕ್ ಧ್ವಜಗಳ ಕಟ್ಟು ಎತ್ತಿ, ಅದು ದೇಶದ್ದು ಎಂದು ನೆನೆದು ಕೆಳಗಿಟ್ಟು, ಲಾಡುವಿನ ತಟ್ಟೆ ಎತ್ತಿ ಎಸೆದಳು. ಚೇತನಕುಮಾರ ಒಂದನ್ನೂ ತಪ್ಪಿಸಿಕೊಳ್ಳಲಿಲ್ಲ.

ಸೂರ್ಯಕಾಂತ ನಿಧಾನಕ್ಕೆ ವೈಜನಾಥರ ಕಡೆ ತಿರುಗಿದ. "ಮೇಜರ್ ಸಾಹೇಬ್ರ, ನೀವು ಅಲ್ಲೇ ಇದ್ದವರು. ಇಂವ ಅಲ್ಲಿಲ್ಲ ಅಂತ ನಿಮಗ ಹೆಂಗ ಗೊತ್ತಾಗಲಿಲ್ರಿ?"

ವೈಜನಾಥರಿಗೆ ಕೆಮ್ಮು ಬಂತು. ಶಿವದೇವಿ ಸರಸರ ವೇದಿಕೆ ಹತ್ತಿ ಒಂದು ಲೋಟ ನೀರು ಅವರ ಬಾಯಿಗೆ ಹಿಡಿದಳು. "ಕುಡೀರಿ. ಕುಡದು ಹೇಳಿ ಮುಗಸ್ರಿ ಒಮ್ಮೆ."

"ನಾ ಸಿಯಾಚಿನ್ ನೋಡ್ತೀನ್ರಿ," ಎಂದರು ವೈಜನಾಥರು, ಖಾಲಿ ಲೋಟ ಹಿಡಿದು. "ಸಿಕಂದರಾಬಾದಿನಿಂದ. ಕುರ್ಚಿ ಮ್ಯಾಲೆ ಕುಂತು. ಅವರ ಪಗಾರ ಅಷ್ಟ ನೋಡಾಂವ."

ಮುಂದಿನ ಸಾಲಿನಿಂದ ಗೋದಾಬಾಯಿ ಕಿವಿಗೆ ಕೈ ಆನಿಸಿ ಕೇಳಿದಳು: "ಇವನೂ ಅಲ್ಲಿಲ್ಲ, ಅವನೂ ಅಲ್ಲಿಲ್ಲ. ಹಂಗಾರ ಅಲ್ಲಿ ಕಾಯಾಕತ್ತವರು ಯಾರಪಾ?" ಉಪ್ಪಿಟ್ಟು ಆರುತ್ತಿದೆ ಎಂದು ಯಾರೋ ಹೇಳಿದರು. ಜನ ಎದ್ದರು.

ನೆರಳಿನ ಪಾರ್ಕಿಂಗು ಅಂದೇ ಹೋಯಿತು. ಸ್ಕೂಟರಿಗೆ ಕಸದ ಡಬ್ಬಿಯ ಪಕ್ಕ ಜಾಗ ಸಿಕ್ಕಿತು. ಬೂದೆಪ್ಪನಿಗೆ ಸೆಲ್ಯೂಟು ರೂಢಿಯಾಗಿಬಿಟ್ಟಿತ್ತು. ಕೈ ಮೇಲೆ ಹೋದ ಮೇಲೆ ನೆನಪಾಗಿ ಕಿವಿ ಕೆರೆದುಕೊಳ್ಳುತ್ತಿದ್ದ. ಸ್ನೇಹಲತಾ ಮಾತ್ರ ಮೂರನೇ ದಿನಕ್ಕೆ ವೈಜನಾಥರ ಬಾಗಿಲಿಗೆ ಬಂದಳು. ಜಬಲ್ಪುರದಂಥ ಊರಲ್ಲಿ ಸಂಸಾರಕ್ಕೆ ಕ್ವಾರ್ಟರ್ಸ್ ಸಿಗುತ್ತದೆಯೇ ಎಂದು ಕೇಳಿದಳು. ಸಿಗುತ್ತದೆ, ಇಷ್ಟು ದಿನವೂ ಸಿಗುತ್ತಿತ್ತು ಎಂದು ಅವರು ಹೇಳಿದ ಮೇಲೆ ಚೇತನಕುಮಾರನ ಪಾಲಿಗೆ ಇನ್ನೊಂದು ತಟ್ಟೆ ಲಾಡು ಬಂತಂತೆ. ರಜೆ ಮುಗಿದು ಅವನು ಹೊರಟಾಗ ಅವಳೂ ಟ್ರಂಕಿನ ಜೊತೆ ಹೊರಟಳು.

ಇಲ್ಲಿಗೆ ಎಲ್ಲ ಸುಖವಾಗಿ ಮುಗಿಯಬೇಕಿತ್ತು. ಆದರೆ ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ ವೈಜನಾಥರು ಕಂಪ್ಯೂಟರಿನಲ್ಲಿ ಹೊಸ ಹೆಸರುಗಳನ್ನು ನೋಡುತ್ತಿದ್ದಾಗ ಒಂದು ಹೆಸರಿನ ಮುಂದೆ ಅವರ ಬೆರಳು ನಿಂತುಹೋಯಿತು. ಹಿಮದ ಮೇಲೆ ಓಡುವ ಸ್ಕೂಟರುಗಳ ರಿಪೇರಿಗೆ ಮೆಕ್ಯಾನಿಕ್ಕುಗಳು ಬೇಕಾಗಿದ್ದರು. ಚೇತನಕುಮಾರ, ಹುಮನಾಬಾದ್ ತಾಲೂಕು. ಬೆರಳಚ್ಚು ತಪ್ಪು ಇರಲಿಲ್ಲ.

ಸ್ನೇಹಲತಾ ತವರಿಗೆ ಮರಳಿದ್ದಳು. ಸೂರ್ಯಕಾಂತ ಈ ಸಲ ಯಾರಿಗೂ ಏನೂ ಹೇಳಲಿಲ್ಲ; ಅಂಗಡಿಯಿಂದ ಬೇಗ ಬಂದು ಟಿವಿಯ ಸದ್ದು ಕಡಿಮೆ ಮಾಡಿ ಕೂರುತ್ತಿದ್ದ. ಸಂಜೆ ಅವಳು ವೈಜನಾಥರ ಮನೆಗೆ ಬಂದಳು. ಏನೂ ಕೇಳಲಿಲ್ಲ. ಕೇಳಿದರೆ ಇವರಿಗೆ ಗೊತ್ತಿಲ್ಲವೆಂಬುದು ಅವಳಿಗೆ ಗೊತ್ತಿತ್ತು. ಶಿವದೇವಿ ಕೊಟ್ಟ ಚಹಾ ಅವಳ ಮುಂದೆ ಆರುತ್ತಿತ್ತು, ತಿನ್ನಲು ಕೊಟ್ಟದ್ದು ಹಾಗೇ ಉಳಿಯುತ್ತಿತ್ತು. ಹೀಗೇ ಎಷ್ಟೋ ಸಂಜೆಗಳು ಕಳೆದವು. ವೈಜನಾಥರು ಒಲೆಯ ಬಗ್ಗೆ, ರೊಟ್ಟಿಯ ಬಗ್ಗೆ ತುಟಿ ಬಿಚ್ಚಲಿಲ್ಲ. ಆ ಮೌನ ಸುಳ್ಳಿಗಿಂತ ಕಷ್ಟವಾಗಿತ್ತು.

ಒಂದು ದಿನ ಅವರ ಮೇಜಿನ ಮುಂದೆ ಒಬ್ಬ ಸೈನಿಕ ಬಂದು ನಿಂತ. ಅಂಬಾದಾಸ ಎಂದು ಹೆಸರು, ಔರಾದ ಕಡೆಯವನು. ಸಿಯಾಚಿನ್‌ನಿಂದ ಇಳಿದು ರಜೆಯ ಮೇಲೆ ಊರಿಗೆ ಹೋಗುವವನು ಪಗಾರದ ಯಾವುದೋ ತಕರಾರಿಗೆ ದಾರಿಯಲ್ಲಿ ಇಳಿದಿದ್ದ. ಕೆನ್ನೆಯ ಚರ್ಮ ಸುಲಿದು ಎರಡು ಬಣ್ಣವಾಗಿತ್ತು. ಇಷ್ಟು ವರ್ಷಗಳಲ್ಲಿ ಮೇಲಿನಿಂದ ಬಂದ ಎಷ್ಟೋ ಮಂದಿ ಆ ಮೇಜಿನ ಮುಂದೆ ನಿಂತು ಹೋಗಿದ್ದರು. ವೈಜನಾಥರು ಅವರ ನಂಬರು ಕೇಳಿದ್ದರು, ಬೇರೇನನ್ನೂ ಕೇಳಿರಲಿಲ್ಲ. ಈ ಸಲ ತಮ್ಮ ದಿಂಬಿನ ಕುರ್ಚಿಯನ್ನೇ ಅವನ ಕಡೆ ತಳ್ಳಿ, ಚಹಾ ತರಿಸಿ, ತಾವು ನಿಂತೇ ಕೇಳಿದರು: "ಅಲ್ಲಿ ಹೆಂಗಿರತೈತೋ ತಮ್ಮಾ?"

ಸೈನಿಕ ಅವರನ್ನು ವಿಚಿತ್ರವಾಗಿ ನೋಡಿದ. ಪಗಾರ ಆಫೀಸಿನಲ್ಲಿ ಯಾರೂ ಅವನಿಗೆ ಇದನ್ನು ಕೇಳಿರಲಿಲ್ಲ. ಆಮೇಲೆ ಹೇಳತೊಡಗಿದ.

ಅಂದು ಸಂಜೆ ವೈಜನಾಥರು ಮೆಟ್ಟಿಲ ಬಳಿಯೇ ಸ್ನೇಹಲತಾಳನ್ನು ಕೂರಿಸಿಕೊಂಡರು. "ಹಲ್ಲು ತಿಕ್ಕೋ ಪೇಸ್ಟ್ ಕಲ್ಲಾಗತೈತಂತ. ರಾತ್ರಿ ಬಗಲಾಗ ಇಟ್ಕೊಂಡು ಮಲಗತಾರಂತ. ನಿದ್ದಿ ಬರೂದಿಲ್ಲಂತ, ಉಸರು ಹಿಡದಂಗ ಆಗತೈತಂತ. ಹಸಿವು ಆಗೂದಿಲ್ಲಂತ, ಆದ್ರ ಒಬ್ಬರಿಗೊಬ್ಬರು ಬೈದು ಉಣಸ್ತಾರಂತ. ಸ್ಕೂಟರ್ ರಿಪೇರಿಯವರು ಬಂದ್ರ ಅವರಿಗೆ ಮೊದಲ ಚಾ ಕೊಡತಾರಂತ."

ಅವಳು ಕಣ್ಣು ಕಿರಿದು ಮಾಡಿ ನೋಡಿದಳು. "ಇದನ್ನ ಯಾರ ಹೇಳಿದ್ರು?"

"ಅಲ್ಲಿ ಹೋಗಿ ಬಂದಂವ."

"ಬಂದಂವ?"

"ಬಂದಂವ. ನನ್ನ ಕುರ್ಚಿ ಮ್ಯಾಲೆ ಕುಂತು ಎರಡು ಚಾ ಕುಡದ. ನಾಕು ಬಿಸ್ಕೀಟ ತಿಂದ. ಇವತ್ತ ಊರಿಗೆ ಹೋದ."

"ನಾಕು ಬಿಸ್ಕೀಟ ತಿಂದ್ನೇನ್ರಿ?" ಎಂದಳು ಸ್ನೇಹಲತಾ. ಆಮೇಲೆ ಎದ್ದು ತಮ್ಮ ಮನೆಯೊಳಗೆ ಹೋಗಿ, "ಅಮ್ಮಾ, ಏನರ ಉಣ್ಣಾಕ ಐತೇನು?" ಎಂದು ಕೂಗಿದಳು.